ಜಿನ್ನವ್ವ ಗುಡ್ಡ ಹತ್ತಿದ ಎರಡು ದಿನ

ಅರ್ಜಿಯ ಮೂರನೆಯ ಪುಟದಲ್ಲಿ ‘ಊಟದ ರೂಢಿ’ ಎಂದು ಒಂದು ಸಾಲು ಇತ್ತು. ಅದರ ಮುಂದೆ ಬರೆಯಲು ಒಂದೂವರೆ ಗೆರೆಯಷ್ಟು ಜಾಗ. ಜಿನ್ನವ್ವ ಅಲ್ಲಿ ‘ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೆಯುವುದಿಲ್ಲ’ ಎಂದು ಬರೆದು ಪೆನ್ನು ಎತ್ತಿದಳು. ಇನ್ನೊಂದು ಮಾತು ಬರೆಯುವುದಿತ್ತು. ಬರೆಯಲಿಲ್ಲ. ಹಾಳೆ ಮಗುಚಿ ಸಹಿ ಮಾಡಿ ಕೊಟ್ಟುಬಿಟ್ಟಳು.

ಅದು ನವೆಂಬರಿನ ಒಂದು ಶನಿವಾರ, ಮುಂಜಾನೆ ಹತ್ತು ಗಂಟೆ. ಧುಪದಾಳದ ಕಡೆಗೆ ಹೋಗುವ ರಸ್ತೆಯಲ್ಲಿ, ಕಬ್ಬಿನ ಹೊಲಗಳ ನಡುವೆ, ಬುದ್ಧಿ ಬೆಳೆಯದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ವಸತಿ ಕೇಂದ್ರವಿದೆ. ಅಲ್ಲಿ ಹೆಣ್ಣುಮಕ್ಕಳ ವಿಭಾಗದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಕೇಂದ್ರ ನೋಡಿಕೊಳ್ಳುವ ನಂದಾ ಮೇಡಂ ನಿಯಮವನ್ನು ಮೊದಲೇ ತಿಳಿಸಿದ್ದರು. ಎರಡು ರಾತ್ರಿ ಹುಡುಗಿ ಇಲ್ಲಿರಬೇಕು. ತಾಯಿ ಬರಬಾರದು, ಫೋನು ಮಾಡಬಾರದು, ಗೇಟಿನ ಹೊರಗೆ ನಿಂತು ಇಣುಕಬಾರದು. ಸೋಮವಾರ ಮುಂಜಾನೆ ತನಕ ಹುಡುಗಿ ಉಂಡು, ಗುಳಿಗೆ ತೆಗೆದುಕೊಂಡು, ಮಲಗಿ ಎದ್ದರೆ ಜಾಗ ಅವಳದು. ಇಲ್ಲದಿದ್ದರೆ ಇಲ್ಲ.

ಸೋನಾಲಿಗೆ ಇಪ್ಪತ್ತಾರು ವರ್ಷ. ಬಾಯಲ್ಲಿ ನಾಲ್ಕು ಮಾತು ಇವೆ: ಅವ್ವ, ನೀರು, ಬಾ, ಸಾಕು. ನಡೆಯುವಾಗ ತಾಯಿಯ ಎಡಗೈಯ ಕಿರುಬೆರಳು ಹಿಡಿದಿರುತ್ತಾಳೆ. ಆ ಬೆರಳು ಇಪ್ಪತ್ತು ವರ್ಷದ ಹಿಡಿತಕ್ಕೆ ಸ್ವಲ್ಪ ಹೊರಗೆ ಬಾಗಿದೆ. ಅಂದು ನಂದಾ ಮೇಡಂ ಆ ಹಿಡಿತವನ್ನು ಒಂದೊಂದೇ ಬೆರಳಾಗಿ ಬಿಡಿಸಿ, ತಮ್ಮ ಬೆರಳು ಕೊಟ್ಟು, ಒಳಗೆ ಕರೆದುಕೊಂಡು ಹೋದರು. ಸೋನಾಲಿ ತಿರುಗಿ ನೋಡಲಿಲ್ಲ. ಹಾಗೆ ನೋಡದೇ ಹೋದದ್ದನ್ನು ಜಿನ್ನವ್ವ ಒಳ್ಳೆಯ ಲಕ್ಷಣ ಎಂದುಕೊಂಡಳು.

ಯಮಕನಮರಡಿಯಲ್ಲಿ, ಹೆದ್ದಾರಿಯ ಬಾಜೂಕ್ಕೆ, ಜಿನ್ನವ್ವನದು ಒಂದು ಸಣ್ಣ ಅಂಗಡಿ. ಸೀರೆಗೆ ಪಿಕೋ, ಫಾಲ್ ಹಾಕುತ್ತಾಳೆ, ಜಂಪರ್ ಹೊಲಿಯುತ್ತಾಳೆ. ಅಂಗಡಿಯ ಹಿಂದೆಯೇ ಮನೆ. ಗಂಡ ತಾತ್ಯಾಸಾಹೇಬ ಹೋಗಿ ಒಂಬತ್ತು ವರ್ಷವಾಯಿತು. ಅವನ ಅಣ್ಣತಮ್ಮಂದಿರು ಕೊಲ್ಹಾಪುರದ ಕಡೆ ಇದ್ದಾರೆ. ಸತ್ತಾಗ ಬಂದಿದ್ದರು, ಮತ್ತೆ ಬರುತ್ತೇವೆ ಎಂದು ಹೋಗಿದ್ದರು.

ಮದುವೆಯಾದ ವರ್ಷವೇ, ಚಾತುರ್ಮಾಸದಲ್ಲಿ ಊರಿಗೆ ಬಂದ ಮುನಿಗಳ ಮುಂದೆ ಜಿನ್ನವ್ವ ಒಂದು ನೇಮ ಹಿಡಿದಿದ್ದಳು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು. ಕತ್ತಲಲ್ಲಿ ಕಾಣದ ಜೀವಗಳು ಊಟದಲ್ಲಿ ಬಿದ್ದಾವು ಎಂಬ ಅಂಜಿಕೆಯ ನೇಮ ಅದು. ಜೈನರ ಮನೆಗಳಲ್ಲಿ ಹೊಸದೇನಲ್ಲ. ತಾತ್ಯಾಸಾಹೇಬನೂ ಹಿಡಿದ. ಐದೂವರೆಗೆ ಊಟ, ಆರಕ್ಕೆ ಪಾತ್ರೆ ತೊಳೆದಾಯಿತು, ಆಮೇಲೆ ದೀಪ.

ಸೋನಾಲಿ ಆರು ವರ್ಷದವಳಾಗಿದ್ದಾಗ ಅವಳ ಹಸಿವಿಗೆ ತಳವೇ ಇರಲಿಲ್ಲ. ಹೊಟ್ಟೆಯ ಹಸಿವಲ್ಲ, ಬುದ್ಧಿಯಲ್ಲೇ ಏನೋ ಕೊರತೆ ಎಂದಿದ್ದರು ಡಾಕ್ಟರು. ಹಸಿ ಹಿಟ್ಟು ತಿನ್ನುತ್ತಿದ್ದಳು, ಸುಣ್ಣ ಕೆರೆದು ತಿನ್ನುತ್ತಿದ್ದಳು, ಉಂಡು ಕಾರಿಕೊಂಡು ಮತ್ತೆ ಉಣ್ಣುತ್ತಿದ್ದಳು. ಹಗಲಿಡೀ ಕಾಯಬಹುದು, ರಾತ್ರಿಯಿಡೀ ಕಾಯುವುದು ಯಾರು? ಆಗ ಜಿನ್ನವ್ವ ಮನೆಯ ನೇಮವನ್ನೇ ಅವಳಿಗೆ ಕಲಿಸಲು ಕುಳಿತಳು. ದೀಪ ಹತ್ತಿತೆಂದರೆ ಊಟ ಮುಗಿಯಿತು. ಮೂರು ವರ್ಷ ಹಿಡಿಯಿತು. ಆದರೆ ಕಲಿತಳು. ಜೀವಮಾನದಲ್ಲಿ ಅವಳು ಕಲಿತ ಒಂದೇ ಪಾಠ ಅದು. ಬಲ್ಬು ಹತ್ತಿದ ಮೇಲೆ ಪೇಢೆ ಹಿಡಿದರೂ ಮುಖ ತಿರುಗಿಸುತ್ತಿದ್ದಳು.

ಓಣಿಯ ಹೆಂಗಸರು ಬಂದು ನೋಡಿ ಹೋಗುತ್ತಿದ್ದರು. ತಿಳಿದವರಿಗೇ ಆಗದ ನೇಮ ಈ ಕೂಸಿಗೆ ಒಲಿದಿದೆ ಎನ್ನುತ್ತಿದ್ದರು. ಒಂದು ಸಲ ಊರಿಗೆ ಬಂದ ಜೈನ ಸನ್ಯಾಸಿನಿ ಮಾತಾಜಿಯೊಬ್ಬರು ಅವಳ ತಲೆಯ ಮೇಲೆ ಕೈಯಿಟ್ಟು, ಇದು ಹಿಂದಿನ ಜನ್ಮದಿಂದ ತಂದ ವ್ರತ ಎಂದರು. ಮಗಳ ಬಗ್ಗೆ ಯಾರಾದರೂ ಹೊಗಳಿಕೆಯ ಮಾತಾಡಿದ್ದನ್ನು ಜಿನ್ನವ್ವ ಕೇಳಿದ್ದು ಅದೇ ಮೊದಲು. ಬಸದಿಯ ಕಂಬಕ್ಕೆ ಒರಗಿ ಅತ್ತಿದ್ದಳು. ಆ ಹೆಮ್ಮೆಯೊಂದನ್ನು ಉಡಿಯಲ್ಲಿ ಕಟ್ಟಿಕೊಂಡು ಹದಿನೇಳು ವರ್ಷ ನಡೆದಳು.

ಈ ವರ್ಷ ಶ್ರಾವಣದಲ್ಲಿ ಜಿನ್ನವ್ವ ಬಚ್ಚಲಲ್ಲಿ ಬಿದ್ದಳು. ಸಂಜೆ ಬಿದ್ದವಳಿಗೆ ಎಚ್ಚರವಾದದ್ದು ಮರುದಿನ ಬೆಳಿಗ್ಗೆ, ಹಾಲು ಹಾಕುವ ಪಾರವ್ವ ಕೂಗಿದಾಗ. ಒದ್ದೆ ಕಲ್ಲಿನ ಮೇಲೆ ಸೋನಾಲಿ ಪಕ್ಕದಲ್ಲೇ ಕುಳಿತಿದ್ದಳು. ರಾತ್ರಿಯಿಡೀ ಹಾಗೆಯೇ ಕುಳಿತಿದ್ದಿರಬೇಕು. ಯಾರನ್ನೂ ಕರೆದಿರಲಿಲ್ಲ, ಕರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಎದೆಯ ಬಡಿತ ನಡುನಡುವೆ ತಪ್ಪುತ್ತಿದೆ, ಬೆಳಗಾವಿಗೆ ಹೋಗಿ ಮಷಿನ್ ಕೂರಿಸಿಕೊಳ್ಳಬೇಕು ಎಂದರು ಡಾಕ್ಟರು. ಜಿನ್ನವ್ವ ತನ್ನ ಎದೆಯ ವಿಚಾರ ಮಾಡಲೇ ಇಲ್ಲ. ತಾನು ಏಳದೇ ಹೋಗಿದ್ದರೆ ಆ ಕೂಸು ಎಷ್ಟು ದಿನ ಹಾಗೆ ಕುಳಿತಿರುತ್ತಿತ್ತು ಎಂಬುದನ್ನು ಮಾತ್ರ ಲೆಕ್ಕ ಹಾಕಿದಳು.

ಕೇಂದ್ರ ಹುಡುಕಿಕೊಟ್ಟವಳು ಶೋಭಾ. ಯಮಕನಮರಡಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಮೂವರಲ್ಲಿ ಒಬ್ಬಳು; ಈಗ ಗೋಕಾಕದಲ್ಲಿ ನರ್ಸು. ಇದಕ್ಕೂ ಮೊದಲು ಬೇರೆ ಊರಿನ ಒಂದು ಕೇಂದ್ರಕ್ಕೆ ಜಿನ್ನವ್ವ ತಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದ್ದಳು. ಒಬ್ಬಳಿಗಾಗಿ ಐದೂವರೆಗೆ ಅಡುಗೆ ಮಾಡಲಾಗದು ಎಂದು ಅವರು ಫೋನು ಇಟ್ಟಿದ್ದರು. ಅದಕ್ಕೇ ಈ ಸಲ ಬರೆಯಲಿಲ್ಲ. ಹಸಿದರೆ ಉಂಡಾಳು ಎಂದು ತನಗೆ ತಾನೇ ಹೇಳಿಕೊಂಡಳು.

ಎರಡು ದಿನ ಗುಡ್ಡ ತಿರುಗುವ ಯೋಜನೆಯೂ ಶೋಭಾಳದೇ. ಮನೆಗೆ ಕಳಿಸಿದರೆ ಇವಳು ಮುಂದಿನ ಬಸ್ಸಿಗೇ ವಾಪಸು ಬಂದು ಗೇಟು ಹಿಡಿದು ನಿಲ್ಲುತ್ತಾಳೆಂದು ಅವಳಿಗೆ ಗೊತ್ತಿತ್ತು. ಮೂಡಲಗಿಯಿಂದ ದಾನೇಶ್ವರಿಯನ್ನು ಕರೆಸಿದಳು. ದಾನೇಶ್ವರಿ ಅಲ್ಲಿ ಖಾನಾವಳಿ ನಡೆಸುತ್ತಾಳೆ. ಅದೇ ಬೆಂಚಿನ ಮೂರನೆಯವಳು, ಮೈ ದಪ್ಪ, ಬಾಯಿ ದೊಡ್ಡದು. ಮಗನ ಹಳೆಯ ಬೂಟು ತಂದು ಜಿನ್ನವ್ವನ ಕಾಲಿಗೆ ತೊಡಿಸಿ, ಸಡಿಲಾದಲ್ಲಿ ಬಟ್ಟೆ ತುರುಕಿದಳು.

“ಸೀರಿ ಕೆಳಗ ಬೂಟ. ಪೊಲೀಸ ಬಾಯಿ ಕಂಡಂಗ ಕಾಣತಿ ನೋಡ ಜಿನ್ನಿ. ಗುಡ್ಡದ ಮಂಗ್ಯಾ ಸಲ್ಯೂಟ ಹೊಡೀತಾವ.”

ಜಿನ್ನವ್ವ ನಕ್ಕಳು. ನಗು ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು.

ಯೋಗಿಕೊಳ್ಳದ ದಾರಿ ಹಿಡಿದರು. ಮಳೆ ನಿಂತು ತಿಂಗಳಾಗಿತ್ತು. ಹುಲ್ಲು ಬುಡದಲ್ಲಿ ಇನ್ನೂ ಹಸಿರು, ತುದಿಯಲ್ಲಿ ಹಳದಿ. ಕೆಂಪು ಬಂಡೆಗಳ ಸಂದಿನಲ್ಲಿ ಕವಳಿ ಕಂಟಿ ಬೆಳೆದಿತ್ತು. ಕೊಳ್ಳದ ತಳದಲ್ಲಿ ನೀರು ಇದ್ದೂ ಇಲ್ಲದ ಹಾಗೆ ಹರಿಯುತ್ತಿತ್ತು. ಶೋಭಾ ಮುಂದೆ, ಆಸ್ಪತ್ರೆಯ ವಾರ್ಡಿನಲ್ಲಿ ನಡೆಯುವ ಹಾಗೆ ಸರಸರ. ದಾನೇಶ್ವರಿ ಹಿಂದೆ, ಪ್ರತಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಈ ಗುಡ್ಡವನ್ನು ಮೊದಲು ಹತ್ತಿದವನ ವಂಶವನ್ನು ಬೈಯುತ್ತ. ನಡುವೆ ಜಿನ್ನವ್ವ. ಅವಳಿಗೆ ಎಡಗೈ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಿಟ್ಟರೆ ಜೋಲುತ್ತಿತ್ತು, ಎತ್ತಿದರೆ ಯಾರದೋ ಕೈ ಅನಿಸುತ್ತಿತ್ತು. ಕೊನೆಗೆ ಸೆರಗಿನ ತುದಿಯನ್ನು ಅದಕ್ಕೆ ಹಿಡಿಯಲು ಕೊಟ್ಟಳು.

ಮೇಲೆ ಹತ್ತಿದ ಮೇಲೆ ಗಾಳಿ ಬಂತು. ಕೆಳಗೆ ಗೋಕಾಕದ ಮನೆಗಳು, ಆಚೆ ಘಟಪ್ರಭೆಯ ತಿರುವು, ಕಬ್ಬು ಹೇರಿದ ಟ್ರಾಕ್ಟರುಗಳ ಸಾಲು ಇರುವೆಯ ಸಾಲಿನ ಹಾಗೆ. ದಾನೇಶ್ವರಿ ಒಂದು ಇಳಿಜಾರಿನಲ್ಲಿ ಜಾರಿ, ಕುಳಿತ ಭಂಗಿಯಲ್ಲೇ ಮೂರು ಮಾರು ಕೆಳಗೆ ಹೋಗಿ, ಎದ್ದು ಸೀರೆ ಜಾಡಿಸಿಕೊಳ್ಳುತ್ತ, ಈಗ ನಿಮ್ಮಿಬ್ಬರಿಗೂ ದಾರಿ ಸಾಫ ಮಾಡಿಕೊಟ್ಟೆ, ಬರ್ರಿ ಎಂದಳು. ಜಿನ್ನವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಟಲಿ ಎತ್ತಿ ನೀರು ಕುಡಿದಳು. ಒಂದು ಬಂಡೆಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ಮುಖಕ್ಕೆ ಬಿಸಿಲು ಬಿಟ್ಟುಕೊಂಡು ಮಲಗಿದಳು. ಹಕ್ಕಿಯೊಂದು ಕೂಗಿ ಸುಮ್ಮನಾಯಿತು, ಮತ್ತೆ ಕೂಗಿತು.

ಕಣ್ಣು ತೆರೆದವಳು ಥಟ್ಟನೆ ಎದ್ದು ಕುಳಿತಳು. ಎಷ್ಟು ಹೊತ್ತು ಸೋನಾಲಿಯ ನೆನಪಿಲ್ಲದೆ ಇದ್ದೆ? ಹತ್ತು ನಿಮಿಷವೋ, ಅರ್ಧ ಗಂಟೆಯೋ. ಇಪ್ಪತ್ತಾರು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಹೀಗೂ ಇರಬಹುದು, ಇನ್ನು ಮುಂದೆ ಹೀಗೇ ಇರಬಹುದು ಎಂಬ ಆಸೆ ಮೈಯಲ್ಲೆಲ್ಲ ಬಿಸಿನೀರಿನಂತೆ ಇಳಿಯಿತು. ಆ ಆಸೆಗೇ ಅವಳು ಹೆದರಿದಳು.

ಐದು ಗಂಟೆಗೆ ದಾನೇಶ್ವರಿ ಬುತ್ತಿ ಬಿಚ್ಚಿದಳು. ಜಿನ್ನವ್ವನಿಗಾಗಿ ಬೇರೆ ಡಬ್ಬಿ: ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಬದನೆಕಾಯಿ ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಗೆಳತಿಯರಿಬ್ಬರೂ ಅವಳ ಸಲುವಾಗಿ ಹೊತ್ತು ಮುಳುಗುವ ಮೊದಲೇ ಉಂಡರು. ಸೂರ್ಯ ಗುಡ್ಡದ ಬೆನ್ನಿಗೆ ಇಳಿದ. ಕೆಳಗೆ ಊರಲ್ಲಿ ಒಂದು ದೀಪ ಹತ್ತಿತು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾಗದಷ್ಟು. ಜಿನ್ನವ್ವ ಅವನ್ನು ನೋಡುತ್ತ ನೋಡುತ್ತ ಇದ್ದವಳು, ಅರ್ಜಿಯಲ್ಲಿ ತಾನು ಬರೆಯದೆ ಬಿಟ್ಟ ಮಾತನ್ನು ಗೆಳತಿಯರ ಮುಂದೆ ಹೇಳಿದಳು.

ಶೋಭಾ ಬುತ್ತಿಯ ಡಬ್ಬಿಗೆ ಮುಚ್ಚಳ ಒತ್ತಿ ಹಾಕಿದಳು.

“ಎಲ್ಲಾ ಖರೆ ಬರದಾಳ್ರಿ ಅಂತ ನಾ ಆ ನಂದಾ ಮೇಡಂಗ ಹೇಳೀನಿ, ಜಿನ್ನಿ,” ಎಂದಳು. “ನಿನ್ನ ಮಾತಿನ ಮ್ಯಾಲ ಹೇಳೀನಿ.”

ಆಮೇಲೆ ತಾನೇ ಎದ್ದು, ಸಿಗ್ನಲ್ ಸಿಗುವ ಕಡೆ ಹೋಗಿ ನಂದಾ ಮೇಡಂಗೆ ಫೋನು ಹಚ್ಚಿದಳು. ವಾಪಸು ಬಂದು ಹೇಳಿದ್ದು ಇಷ್ಟು: ಹೊತ್ತಿನ ನೇಮದ ವಿಷಯ ತಿಳಿಸಿದ್ದೇನೆ. ಅವರು ಬೇಸರ ಮಾಡಿಕೊಂಡರು, ಆದರೂ ನೋಡೋಣ ಎಂದರು. ಸೋನಾಲಿ ಮಧ್ಯಾಹ್ನವೂ ಉಂಡಿಲ್ಲವಂತೆ. ಮೊದಲ ದಿನ ಎಲ್ಲರೂ ಹಾಗೇ ಮಾಡುತ್ತಾರಂತೆ.

ಮಧ್ಯಾಹ್ನ ಉಂಡಿಲ್ಲ ಎಂಬುದು ಜಿನ್ನವ್ವನಿಗೆ ಬಗೆಹರಿಯಲಿಲ್ಲ. ಮಧ್ಯಾಹ್ನ ಸೋನಾಲಿ ನಾಲ್ಕು ರೊಟ್ಟಿ ತಿನ್ನುವವಳು. ಮೊದಲ ತುತ್ತಿನಲ್ಲೇ ಫಿಟ್ಸಿನ ಗುಳಿಗೆ ಪುಡಿ ಮಾಡಿ ಕಲಸಿ ಕೊಡುವ ರೂಢಿ. ಊಟ ಇಲ್ಲವೆಂದರೆ ಗುಳಿಗೆಯೂ ಇಲ್ಲ. ನೀನಿಲ್ಲದ್ದಕ್ಕೆ ಮುನಿಸಿಕೊಂಡಿರಬೇಕು ಎಂದಳು ದಾನೇಶ್ವರಿ. ಇರಬಹುದು ಎಂದುಕೊಂಡಳು ಜಿನ್ನವ್ವ. ಸೋನಾಲಿಗೆ ಮುನಿಸು ಎಂಬುದು ಗೊತ್ತಿಲ್ಲವೆಂದು ಗೊತ್ತಿದ್ದರೂ ಅಂದುಕೊಂಡಳು.

ಗುಡ್ಡದ ಬುಡದ ಯಾತ್ರಿ ನಿವಾಸದಲ್ಲಿ ಒಂದು ಕೋಣೆ ಹಿಡಿದಿದ್ದರು. ಏಳು ಗಂಟೆಯಿರಬೇಕು. ಶೋಭಾ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಜಿನ್ನವ್ವ ಬಲ್ಬಿನ ಕೆಳಗೆ ಚಾಪೆಯ ಮೇಲೆ ಕುಳಿತು, ಉಳಿದ ಬುತ್ತಿಯನ್ನು ಎಳೆದುಕೊಂಡು, ರೊಟ್ಟಿ ಮುರಿದಳು.

“ಏನ ಮಾಡಾಕತ್ತಿ?” ಎಂದಳು ದಾನೇಶ್ವರಿ.

“ಕಲ್ಯಾಕತ್ತೇನಿ. ನನಗ ಬಂದ್ರ, ಅಕಿಗಿ ಕಲಿಸಬಹುದು.”

ಮೂವತ್ತೆರಡು ವರ್ಷದ ನೇಮ. ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡಳು, ಅಗಿದಳು, ನುಂಗಿದಳು. ಏನೂ ಆಗಲಿಲ್ಲ. ಗುಡುಗಲಿಲ್ಲ, ಮಿಂಚಲಿಲ್ಲ, ರೊಟ್ಟಿ ರೊಟ್ಟಿಯ ಹಾಗೇ ಇತ್ತು, ಸ್ವಲ್ಪ ಒಣಗಿತ್ತು. ಎರಡನೆಯ ತುತ್ತು ಮುರಿದಳು. ಅದನ್ನೂ ತಿಂದಳು. ಸತ್ತರೂ ಬಾಯಿ ಮುಚ್ಚದ ದಾನೇಶ್ವರಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಭಾನುವಾರ ಗೊಡಚಿನಮಲ್ಕಿಯ ಕಡೆ ನಡೆಯುವುದೆಂದು ಮೊದಲೇ ಮಾತಾಗಿತ್ತು. ನಡೆದರು. ಯಾರ ಕಾಲಲ್ಲೂ ನಿನ್ನೆಯ ಹುರುಪು ಇರಲಿಲ್ಲ. ಜಲಪಾತದ ಸದ್ದು ಕೇಳುವಷ್ಟು ದೂರ ಹೋದಾಗ ಶೋಭಾಳ ಫೋನು ರಿಂಗಾಯಿತು. ಅವಳು ಮಾತಾಡಿ, ಕಿವಿಯಿಂದ ಫೋನು ಇಳಿಸುವುದರೊಳಗೆ ಜಿನ್ನವ್ವ ತಿರುಗಿ ನಡೆಯಲು ಶುರು ಮಾಡಿಯಾಗಿತ್ತು. ನಂದಾ ಮೇಡಂ ಹೇಳಿದ್ದು ಇಷ್ಟು: ನಿನ್ನೆ ಮಧ್ಯಾಹ್ನದಿಂದ ಒಂದು ತುತ್ತು ಇಳಿದಿಲ್ಲ. ಬೆಳಿಗ್ಗೆ ಫಿಟ್ಸು ಬಂದು ಬಿದ್ದಿದ್ದಾಳೆ. ಈಗ ಎಚ್ಚರವಿದ್ದಾಳೆ. ಬಂದು ಕರೆದುಕೊಂಡು ಹೋಗಿ.

ಹಳ್ಳಿಯ ಹತ್ತಿರ ಒಂದು ಟಂಟಂ ರಿಕ್ಷಾ ಸಿಕ್ಕಿತು. ಅದರಿಂದ ಗೋಕಾಕ, ಅಲ್ಲಿಂದ ಆಟೋ.

ಕೇಂದ್ರ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ, ಊಟದ ಹೊತ್ತು. ನಂದಾ ಮೇಡಂ ನೇರ ಊಟದ ಕೋಣೆಗೇ ಕರೆದುಕೊಂಡು ಹೋದರು. ಜಾಗ ನೋಡಲು ಬಂದ ದಿನ ಅದನ್ನು ತೊಳೆಯುತ್ತಿದ್ದರು, ಒಳಗೆ ಬಿಟ್ಟಿರಲಿಲ್ಲ. ಹಿಂದೆ ಗೊಬ್ಬರದ ಗೋದಾಮು ಆಗಿದ್ದ ಉದ್ದನೆಯ ಕೋಣೆ. ತಗಡಿನ ಮಾಡು, ಎತ್ತರದಲ್ಲಿ ಒಂದೇ ಒಂದು ಸಣ್ಣ ಕಿಟಕಿ. ಮಕ್ಕಳು ಹೊರಗೆ ಓಡಿ ಕಾಲುವೆಯ ಕಡೆ ಹೋಗುತ್ತಾರೆಂದು ಬಾಗಿಲು ಮುಚ್ಚಿರುತ್ತಿದ್ದರು. ಒಳಗೆ ನಲವತ್ತು ಮಂದಿ ಬೆಂಚುಗಳ ಮೇಲೆ ಕುಳಿತು ಉಣ್ಣುತ್ತಿದ್ದರು. ಕೊನೆಯ ಬೆಂಚಿನಲ್ಲಿ ಸೋನಾಲಿ. ಹಣೆಯ ಮೇಲೆ ಕಪ್ಪಗೆ ಬಾವು. ಮುಂದೆ ಮುಟ್ಟದ ತಾಟು. ಎರಡೂ ತುಟಿಗಳನ್ನು ಒಳಕ್ಕೆ ಮಡಿಚಿ ಹಿಡಿದಿದ್ದಳು.

ಜಿನ್ನವ್ವ ತಲೆಯೆತ್ತಿ ನೋಡಿದಳು. ಕೋಣೆಯ ಉದ್ದಕ್ಕೂ ಆರು ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು, ನಡುಮಧ್ಯಾಹ್ನ.

ಸೋನಾಲಿ ಮುನಿಸಿಕೊಂಡಿರಲಿಲ್ಲ. ಹಟ ಮಾಡಿರಲಿಲ್ಲ. ಅವಳ ಪಾಲಿಗೆ ಆ ಕೋಣೆಯಲ್ಲಿ ನಿನ್ನೆಯಿಂದಲೂ ಹೊತ್ತು ಮುಳುಗಿಯೇ ಇತ್ತು. ಹಸಿವಿಗೆ ತಳವಿಲ್ಲದ ಆ ಹುಡುಗಿ ಸುತ್ತ ನಲವತ್ತು ಮಂದಿ ಉಣ್ಣುವುದನ್ನು ನೋಡುತ್ತ, ತನಗೆ ಗೊತ್ತಿದ್ದ ಒಂದೇ ಒಳ್ಳೆಯ ನಡತೆಯನ್ನು ಬಿಡದೆ ಹಿಡಿದು ಕುಳಿತಿದ್ದಳು.

ಜಿನ್ನವ್ವ ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಮಗಳನ್ನು ಹಿಡಿದು ಹೊರಗೆ ಬಂದು, ಅಂಗಳದ ಬೇವಿನ ಕೆಳಗೆ ಬಿಸಿಲು ನೆರಳು ಬೆರೆತಲ್ಲಿ ಕುಳಿತಳು. ಗುಳಿಗೆ ಕಲಸಿದ ತುತ್ತು ಎತ್ತಿದ್ದೇ ತಡ ಸೋನಾಲಿ ಬಾಯಿ ತೆರೆದಳು. ತಾಟಿನಲ್ಲಿದ್ದುದನ್ನೆಲ್ಲ ಉಂಡಳು. ದಾನೇಶ್ವರಿ ಮತ್ತೊಂದು ತಾಟು ತಂದಳು, ಅದನ್ನೂ ಉಂಡಳು. ತಲೆಯೆತ್ತಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಂದಾ ಮೇಡಂಗೆ ಜಿನ್ನವ್ವ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೆಟ್ಟ ಹೆಂಗಸಲ್ಲ ಅವರು. ಪೂರ್ತಿ ಕೇಳಿಸಿಕೊಂಡರು, ನಡುವೆ ಒಮ್ಮೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇವಳಿಗೊಬ್ಬಳಿಗೆ ಹೊರಗೆ ಹಾಕಿದರೆ ಆಗದೇ ಎಂದು ಕೇಳಿದಳು ಶೋಭಾ. ನಲವತ್ತು ಮಂದಿಗೆ ನಾಲ್ಕು ಆಯಾಗಳು, ಅವರಲ್ಲೊಬ್ಬಳನ್ನು ಮೂರು ಹೊತ್ತೂ ಇವಳೊಂದಿಗೆ ಹೊರಗೆ ಕೂರಿಸಿದರೆ ಒಳಗೆ ಯಾರದೋ ಗಂಟಲಲ್ಲಿ ತುತ್ತು ಸಿಕ್ಕೀತು ಎಂದರು ಮೇಡಂ. ದೀಪ ಆರಿಸಿದರೆ ಒಳಗೆ ಕತ್ತಲು, ಕತ್ತಲಿಗೆ ಹೆದರಿ ಚೀರುವವರು ಏಳೆಂಟು ಮಂದಿ ಇದ್ದರು. ಯಾವ ಮಾತೂ ಸುಳ್ಳಾಗಿರಲಿಲ್ಲ.

“ಈ ತಿಂಗಳ ಮೂವತ್ತರ ತನಕ ಜಾಗ ಹಿಡದ ಇಡ್ತೀನ್ರಿ ಅಕ್ಕಾರ,” ಎಂದರು. “ದೀಪದಾಗ ಉಣ್ಣೂದ ಕಲಿಸಿ ಕರಕೊಂಡ ಬರ್ರಿ. ಕಲಿಸಿದವರ ನೀವ, ನಿಮ್ಮ ಕೈಲೆ ಬಿಡಸಾಕೂ ಆಗತೈತಿ.”

ಮೂವತ್ತಕ್ಕೆ ಹದಿನಾಲ್ಕು ದಿನ ಉಳಿದಿದ್ದವು.

ಮರುದಿನವೇ ಜಿನ್ನವ್ವ ಅಂಗಡಿ ಮುಚ್ಚಿ ಕುಳಿತಳು. ಮೊದಲು ಹಗಲಲ್ಲಿ ಬಲ್ಬು ಹಚ್ಚಿ ತಾಟು ಇಟ್ಟಳು. ಸೋನಾಲಿ ಬಲ್ಬು ನೋಡಿ, ತಾಟು ನೋಡಿ, ಮುಖ ತಿರುಗಿಸಿದಳು. ಉಣ್ಣುತ್ತಿರುವ ನಡುವೆ ಹಚ್ಚಿದಳು; ಬಾಯಲ್ಲಿದ್ದ ತುತ್ತನ್ನೂ ಸೋನಾಲಿ ಉಗುಳಿದಳು. ಬಲ್ಬಿಗೆ ಕೆಂಪು ಕಾಗದ ಸುತ್ತಿದಳು, ಟಾರ್ಚು ಹಚ್ಚಿದಳು, ಓಣಿಯ ದೀಪದ ಕೆಳಗೆ ಕೂರಿಸಿದಳು. ಹಸಿದರೆ ಉಂಡಾಳೆಂದು ಒಂದು ದಿನ ಮುಂಜಾನೆಯಿಂದ ಸಂಜೆ ನಾಲ್ಕರ ತನಕ ದೀಪ ಆರಿಸಲೇ ಇಲ್ಲ. ಸೋನಾಲಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ತಲೆ ಬಡಿಯತೊಡಗಿದಳು, ಆದರೆ ತಾಟಿನ ಕಡೆ ಕೈ ಚಾಚಲಿಲ್ಲ. ಗುಳಿಗೆಯ ಹೊತ್ತು ಮೀರುತ್ತಿತ್ತು. ಜಿನ್ನವ್ವನೇ ಎದ್ದು ಬಲ್ಬು ಆರಿಸಿದಳು.

ಹತ್ತನೆಯ ದಿನ ಬೇರೆ ದಾರಿ ಹಿಡಿದಳು. ಕತ್ತಲಾದ ಮೇಲೆ ಬಲ್ಬು ಹಚ್ಚಿ, ಮಗಳ ಎದುರಿಗೆ ಕುಳಿತು, ತಾನೇ ಉಣ್ಣತೊಡಗಿದಳು. ಗುಡ್ಡದ ಬುಡದಲ್ಲಿ ಕಲಿತು ಬಂದಿದ್ದಳಲ್ಲ. ಅವ್ವನಿಗೆ ನಡೆಯುವುದು ಮಗಳಿಗೂ ನಡೆದೀತು ಎಂಬುದೊಂದೇ ಉಳಿದ ಆಸೆ.

ಸೋನಾಲಿ ನೋಡಿದಳು. ನೋಡುತ್ತ ಅವಳ ಮುಖದಲ್ಲಿ ಗಾಬರಿ ಮೂಡಿತು. ಎದ್ದು ಬಂದು, ತಾಯಿಯ ಕೆನ್ನೆಯನ್ನು ಎರಡೂ ಕಡೆಯಿಂದ ಒತ್ತಿ ಬಾಯಿ ತೆರೆಸಿ, ತೋರುಬೆರಳು ಒಳಗೆ ಹಾಕಿ, ಅಗಿಯುತ್ತಿದ್ದ ತುತ್ತನ್ನು ಕೆರೆದು ಹೊರಗೆ ತೆಗೆದಳು. ಆಮೇಲೆ ಅಂಗೈಯಿಂದ ತುಟಿ ಒರೆಸಿದಳು. ಸಿಟ್ಟಿನಿಂದಲ್ಲ, ಬಹಳ ಮೃದುವಾಗಿ. ತಿಳಿಯದ ಕೂಸಿಗೆ ತಿದ್ದುವ ಹಾಗೆ. “ಸಾಕು,” ಎಂದಳು.

ಜಿನ್ನವ್ವ ಹಾಗೇ ಬಾಯಿ ತೆರೆದು ಕುಳಿತಿದ್ದಳು. ಇಪ್ಪತ್ತು ವರ್ಷದ ಹಿಂದೆ ಪ್ರತಿ ಸಂಜೆ ತಾನು ಅವಳಿಗೆ ಕಲಿಸಿದ್ದು ಹೀಗೆಯೇ, ಇದೇ ಬೆರಳಿನಿಂದ, ಇದೇ ಮಾತಿನಿಂದ. ಅದು ಜಿನ್ನವ್ವನಿಗೇ ಮರೆತುಹೋಗಿತ್ತು.

ಆ ದಿನದ ನಂತರ ಅವಳು ಪ್ರಯತ್ನ ಬಿಟ್ಟಳು. ಅಂಗಡಿ ತೆರೆದಳು. ಮೂವತ್ತನೆಯ ತಾರೀಕು, ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಾಗ ನಂದಾ ಮೇಡಂ ತಾವೇ ಫೋನು ಮಾಡಿದರು. ಹುಕ್ಕೇರಿಯ ಕಡೆಯ ಒಂದು ಕುಟುಂಬ ಕಾಯುತ್ತಿದೆ ಎಂದರು. ಕೊಡಿ ಎಂದಳು ಜಿನ್ನವ್ವ. ಹುಡುಗಿಯೋ ಎಂದು ಕೇಳಿದಳು. ಹೌದು, ಹದಿನಾರು ವರ್ಷ ಎಂದರು. ಒಳ್ಳೆಯದಾಗಲಿ ಎಂದು ಫೋನು ಇಟ್ಟು, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಹೊಲಿಗೆ ಮುಂದುವರಿಸಿದಳು.

ಮುಂದಿನ ಭಾನುವಾರ ಶೋಭಾ ಬಂದಳು. ಬೆಳಗಾವಿಯ ಡಾಕ್ಟರ ಹತ್ತಿರ ಮಾತಾಡಿ, ಮಷಿನ್ ಕೂರಿಸಲು ದಿನ ಗೊತ್ತು ಮಾಡಿಕೊಂಡೇ ಬಂದಿದ್ದಳು. ಮೂರು ದಿನ ಅಡ್ಮಿಟ್ ಆಗಬೇಕು, ಆ ಮೂರು ದಿನ ತಾನು ರಜೆ ಹಾಕಿ ಇಲ್ಲೇ ಸೋನಾಲಿಯೊಂದಿಗೆ ಇರುತ್ತೇನೆ, ಐದೂವರೆಗೆ ಊಟ ಹಾಕುತ್ತೇನೆ, ಇನ್ನೇನು ಬೇಕು ನಿನಗೆ ಎಂದು ದಬಾಯಿಸಿದಳು.

ಜಿನ್ನವ್ವ ಮಷಿನ್ನಿನ ಮಾತು ಎತ್ತಲಿಲ್ಲ. ಬೆಂಚಿನ ದಿನಗಳಿಂದ ಇವತ್ತಿನವರೆಗೆ ಯಾರನ್ನೂ ಕೇಳದ ಒಂದು ಮಾತನ್ನು ಕೇಳಿದಳು. “ಮೂರ ದಿನ ಅಲ್ಲ ಶೋಭಿ. ನನ್ನ ಹಿಂದ. ಅಕಿನ್ನ ನಿನ್ನ ಮನ್ಯಾಗ ಇಟ್ಕೊತಿ ಏನ?”

ಶೋಭಾಳ ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ, ಇನ್ನೊಂದರಲ್ಲಿ ಗಂಡ, ಮಗ, ಮೊನ್ನೆ ಮೊನ್ನೆ ಬಂದ ಸೊಸೆ. ಹೂಂ ಎಂದುಬಿಡುವುದು ಸುಲಭವಿತ್ತು. ಊರಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಿದ್ದರು, ನಾವಿಲ್ಲವೇ, ದೇವರಿಲ್ಲವೇ ಎಂದು.

“ಮೂರ ದಿನ ಅಂದ್ರ ಹೂಂ ಅಂತೀನಿ. ಜೀವಮಾನ ಅಂದ್ರ, ನಿನಗ ಸುಳ್ಳ ಹೇಳಾಕ ಬರಂಗಿಲ್ಲ ಜಿನ್ನಿ.”

“ಗೊತ್ತೈತಿ,” ಎಂದಳು ಜಿನ್ನವ್ವ. “ಕೇಳಬೇಕಂತ ಕೇಳಿದೆ. ಕೇಳಲಿಲ್ಲ ಅಂತ ಆಗಬಾರದಲ್ಲ.”

ಹಿತ್ತಲಲ್ಲಿ ಸೋನಾಲಿ ಬಟ್ಟೆಯ ಚೂರುಗಳನ್ನು ಬಣ್ಣ ನೋಡದೆ ಒಂದರ ಮೇಲೊಂದು ಪೇರಿಸುತ್ತಿದ್ದಳು. ಹಣೆಯ ಬಾವು ಇಳಿದು ಹಳದಿಯಾಗಿತ್ತು. ಮಷಿನ್ ಹಾಕಿಸಿಕೊಂಡರೆ ಹತ್ತು ವರ್ಷ ಹೆಚ್ಚು ಸಿಗುತ್ತದೆ, ಅಷ್ಟರಲ್ಲಿ ಏನಾದರೂ ಒಂದು ದಾರಿ ಆದೀತು ಎಂದು ಶೋಭಾ ಮತ್ತೆ ಶುರು ಮಾಡಿದಳು. ಹತ್ತು ವರ್ಷಕ್ಕೆ ಸೋನಾಲಿಗೆ ಮೂವತ್ತಾರು, ಆಗಲೂ ಅವಳ ಬುದ್ಧಿಗೆ ಎರಡೂವರೆ ವರ್ಷವೇ ಎಂದಳು ಜಿನ್ನವ್ವ. ಹಾಕಿಸಿಕೊಳ್ಳುವುದಿಲ್ಲ ಎಂದಲ್ಲ, ಹಾಕಿಸಿಕೊಳ್ಳುತ್ತೇನೆ. ಅವಳು ಇರುವ ತನಕ ನಾನು ಇರಬೇಕಲ್ಲ.

ಆಮೇಲೆ ದನಿ ತಗ್ಗಿಸಿ, ಒಲೆಗೆ ಕಡ್ಡಿ ಗೀರುತ್ತ, ತಿರುಗಿ ನೋಡದೆ ಹೇಳಿದಳು:

“ಮೊದಲ ಬಸ್ತಿಗಿ ಹೋದ್ರ, ಅಕಿಗಿ ನೂರ ವರ್ಷ ಆಯುಷ್ಯ ಕೊಡ ತಾಯಿ ಅಂತ ಪದ್ಮಾವತಿ ಮುಂದ ಕೈ ಮುಗೀತಿದ್ದೆ. ಈಗ ಬ್ಯಾರೆ ಬೇಡಕೋತೀನಿ. ಮೊದಲ ಅಕಿ, ಮರದಿನ ನಾ. ಒಂದ ದಿನ ಹೆಚ್ಚಿಗಿ ಸಾಕ ನನಗ.”

ಶೋಭಾಳಿಗೆ ಅಂಥ ಮಾತು ಬಾಯಲ್ಲಿ ತರಬೇಡ ಎನ್ನಬೇಕೆನಿಸಿತು. ಮೂವತ್ತು ವರ್ಷ ವಾರ್ಡಿನಲ್ಲಿ ಎಷ್ಟೋ ತಾಯಂದಿರಿಗೆ ಹಾಗೆ ಅಂದಿದ್ದವಳು ಅವಳು. ಅನ್ನಲಿಲ್ಲ. ಎದ್ದು ಹಿಟ್ಟಿನ ಡಬ್ಬಿ ಇಳಿಸಿಕೊಂಡು, ರೊಟ್ಟಿಗೆ ಹಿಟ್ಟು ನಾದಲು ಕುಳಿತಳು. ಹೊರಗೆ ಬಿಸಿಲು ಗೋಡೆಯ ಅರ್ಧಕ್ಕೆ ಏರಿತ್ತು. ಐದೂವರೆಗೆ ಇನ್ನು ಇಪ್ಪತ್ತು ನಿಮಿಷ ಇರಬೇಕು.